ದೆವ್ವದ ಆಟಕ್ಕೆ ಮನೆಯ ಕಟ್ಟಳೆ

ಕಂಪ್ಯೂಟರಿನಲ್ಲಿ ಸರ್ವೈವಲ್ ಹಾರರ್ ಆಟ ಹಾಕಿಕೊಂಡಿರುವ ಕೊಯಮತ್ತೂರು, ತಿರುಪ್ಪೂರು ಸೀಮೆಯ ಕನ್ನಡ ಮನೆಗಳಿಗೆ ಈ ಸೂಚನೆ. ಒಳಗೆ ಕನ್ನಡ, ಬೀದಿಯಲ್ಲಿ ತಮಿಳು, ಪಕ್ಕದ ಶೆಡ್ಡಿನಲ್ಲಿ ಮಗ್ಗ ಇರುವ ದೇವಾಂಗರ ಮನೆಗೂ, ಬನಿಯನ್ ಕಂಪನಿ ಕೆಲಸಕ್ಕೆ ಬಂದು ಲೈನ್ ಮನೆ ಹಿಡಿದವರಿಗೂ ಕಟ್ಟಳೆ ಒಂದೇ.

ಆಟವೇ ಬೇಡ ಎನ್ನುತ್ತಿಲ್ಲ. 1992ರ ‘ಅಲೋನ್ ಇನ್ ದಿ ಡಾರ್ಕ್’, 1996ರ ‘ರೆಸಿಡೆಂಟ್ ಈವಿಲ್’ ಕಾಲದಿಂದಲೂ ಈ ಜಾತಿಯ ಆಟದ ಕಸುಬು ಆಡುವವನ ಕೈಲಿರುವುದನ್ನು ಒಂದೊಂದಾಗಿ ಕಿತ್ತುಕೊಳ್ಳುವುದು. ಗುಂಡು ಎಣಿಸಿದಷ್ಟೇ, ಬೆಳಕು ಕಮ್ಮಿ, ಸೇವ್ ಮಾಡಲೂ ಎಲ್ಲೆಂದರಲ್ಲಿ ಬಿಡುವುದಿಲ್ಲ. ಪರದೆಯೊಳಗೆ ಏನು ಬೇಕಾದರೂ ಕಿತ್ತುಕೊಳ್ಳಲಿ. ಮನೆಯ ಬೆಳಕು, ಕರೆಂಟು, ಕಿವಿ, ನಿದ್ದೆಗಳ ತಂಟೆಗೆ ಅದನ್ನು ಬಿಡಕೂಡದು.

ಮಾಡಬೇಕಾದ್ದು

ಕೊಳ್ಳುವ ಮೊದಲು ವಯಸ್ಸಿನ ಗುರುತು ನೋಡಲೇಬೇಕು. 2019ರಲ್ಲಿ ಹೊಸ ರೂಪದಲ್ಲಿ ಬಂದ ‘ರೆಸಿಡೆಂಟ್ ಈವಿಲ್ 2’ಕ್ಕೆ, ಆಟಗಳಿಗೆ ವಯಸ್ಸಿನ ಗುರುತು ಕೊಡುವ ಯುರೋಪಿನ ಪೆಗಿ ಹಾಕಿರುವ ಅಂಕಿ 18. “ನಮ್ಮ ಹುಡುಗ ರಕ್ತಕ್ಕೆಲ್ಲ ಹೆದರೋನಲ್ಲ, ವಿಜಯದಶಮಿಗೆ ರಾಜವೀದಿಯಲ್ಲಿ ಚೌಡೇಶ್ವರಿಯಮ್ಮನ ಮುಂದೆ ಮೈಗೆ ಕತ್ತಿ ಹಾಕಿಕೊಳ್ಳೋದನ್ನ ಹೆಗಲ ಮೇಲೆ ಕೂತು ನೋಡಿದಾನೆ” ಎಂಬ ವಾದ ಇಲ್ಲಿ ನಡೆಯದು. ಅಲ್ಲಿ ಹಾಡಹಗಲು, ಸುತ್ತ ನಮ್ಮ ಜನ, ಎದುರಿಗೆ ತಾಯಿ. ಆಟ ಹೆದರಿಸುವುದು ರಕ್ತದಿಂದಲ್ಲ, ಕಾಯಿಸುವುದರಿಂದ. ಬಾಗಿಲ ಆಚೆ ಹೆಜ್ಜೆ ಸಪ್ಪಳ ಕೇಳಿಸಿ, ಏನೂ ಬಾರದೆ ನಿಮಿಷಗಟ್ಟಲೆ ಹಾಗೇ ಇರುತ್ತದಲ್ಲ, ಎಳೆಯ ಮಕ್ಕಳು ಸೋಲುವುದು ಅಲ್ಲೇ.

ಸ್ಟೀಮ್‌ನಲ್ಲಿ ಕೊಂಡಿದ್ದರೆ ಮೊದಲ ಒಂದು ಗಂಟೆ ದೊಡ್ಡವರೇ ಆಡಿ ನೋಡಬೇಕು. ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆ ದಾಟದಿದ್ದರೆ, ದುಡ್ಡು ವಾಪಸ್ ಕೇಳಬಹುದು.

ಕೋಣೆಯಲ್ಲಿ ಒಂದು ದೀಪ ಉರಿಯುತ್ತಿರಬೇಕು. ಕತ್ತಲಲ್ಲೇ ಮಜಾ ಎನ್ನುವವರಿಗೆ ಒಂದು ಮಾತು: 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಪೋಕೆಮಾನ್‌ನ ಒಂದು ಕಂತು ಕೆಂಪು-ನೀಲಿ ಬೆಳಕನ್ನು ಪಟಪಟ ಮಿನುಗಿಸಿತು, ನೂರಾರು ಮಕ್ಕಳು ಆಸ್ಪತ್ರೆ ಸೇರಿದರು. ಕೆಟ್ಟುಹೋದ ಟ್ಯೂಬ್‌ಲೈಟಿನ ಮಿಣಮಿಣ ಇಲ್ಲದ ಹಾರರ್ ಆಟ ಸಿಗುವುದು ಕಷ್ಟ, ಕತ್ತಲಲ್ಲಿ ಆ ಮಿನುಗು ಕಣ್ಣಿಗೆ ಇನ್ನೂ ಜೋರಾಗಿ ಹೊಡೆಯುತ್ತದೆ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದದ್ದಿದ್ದರೆ ಡಾಕ್ಟರನ್ನು ಕೇಳದೆ ಅವರನ್ನು ಆ ಪರದೆಯ ಮುಂದೆ ಕೂರಿಸಕೂಡದು.

ಯುಪಿಎಸ್ ಬೇಕೇ ಬೇಕು. 2014ರ ‘ಏಲಿಯನ್: ಐಸೊಲೇಶನ್’ನಲ್ಲಿ ಗೋಡೆಯ ಮೇಲಿನ ಸೇವ್ ಯಂತ್ರದವರೆಗೆ ಜೀವ ಹಿಡಿದುಕೊಂಡು ಹೋಗಬೇಕು, ಕಾರ್ಡು ತೂರಿಸಿ ಕೆಲವು ಸೆಕೆಂಡು ಕಾಯಬೇಕು, ಕಾಯುವಾಗಲೂ ಏಲಿಯನ್ ಹಿಂದಿನಿಂದ ಬಂದು ಕೊಲ್ಲಬಹುದು. ಅಷ್ಟರಲ್ಲಿ ಕರೆಂಟು ಹೋದರೆ ಅರ್ಧ ಗಂಟೆಯ ಆಟ ನೀರು ಪಾಲು. 600 ವಿಎ ಎಂದು ಬರೆದ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದು ಸಾಲದು. ಯುಪಿಎಸ್ ಕೂಗತೊಡಗಿದಾಗ ಸೇವ್ ಮಾಡಿ ಮುಚ್ಚಬೇಕು, ಇನ್ನೊಂದು ಬಾಗಿಲು ತೆರೆದು ನೋಡೋಣ ಎನ್ನುವಂತಿಲ್ಲ. ತಿಂಗಳ ರಿಪೇರಿಗೆಂದು ಇಬಿಯವರು ಕರೆಂಟು ತೆಗೆಯುವ ದಿನ ಪೇಪರಿನಲ್ಲಿ ಬರುತ್ತದೆ, ನೋಡಿಕೊಳ್ಳಿ.

ಇನ್ನು ಹತ್ತಿಯ ಧೂಳು. ಇದು ನಮ್ಮ ಸೀಮೆಯದೇ ಕಾಟ. ಮಗ್ಗದ ಪಕ್ಕದ ಕೋಣೆಯಲ್ಲಿಟ್ಟ ಕಂಪ್ಯೂಟರಿನ ಬದಿಯ ಹಲಗೆ ಬಿಚ್ಚಿ ನೋಡಿ. ಗ್ರಾಫಿಕ್ಸ್ ಕಾರ್ಡಿನ ಫ್ಯಾನಿನ ಹಿಂದೆ, ಅಲ್ಯುಮಿನಿಯಂ ಪಟ್ಟಿಗಳ ನಡುವೆ, ಬೂದುಬಣ್ಣದ ನಾರು ನಾರಾಗಿ ಒತ್ತಿಕೊಂಡು ಕೂತಿರುತ್ತದೆ. ಬೆರಳಲ್ಲಿ ಎಳೆದರೆ ಕಂಬಳಿ ಚೂರಿನ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ಗಾಳಿಗೆ ದಾರಿಯಿಲ್ಲದೆ ಕಾರ್ಡು ಕಾದು, ಸರಿಯಾಗಿ ಓಡಿ ತಪ್ಪಿಸಿಕೊಳ್ಳುವ ಹೊತ್ತಿಗೇ ಪರದೆ ಕಪ್ಪಾಗುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಹೊರಗೆ ಒಯ್ದು, ಬ್ಲೋವರ್ ಹಿಡಿಯಬೇಕು. ಆಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಅದುಮಿರಬೇಕು, ಇಲ್ಲವಾದರೆ ಗಾಳಿಯ ರಭಸಕ್ಕೆ ಮಿತಿಮೀರಿ ಸುತ್ತಿ ಬೇರಿಂಗ್ ಹಾಳು.

ಮಾಡಬಾರದ್ದು

ಮಗ್ಗದ ಲೈನಿನಿಂದ ವೈರು ಎಳೆದು ಆಟ ಆಡಕೂಡದು. ಎರಡು ತಿಂಗಳಿಗೆ ಮನೆಗೆ ಬಿಟ್ಟಿ ಸಿಗುವುದು 100 ಯೂನಿಟ್; ಪವರ್‌ಲೂಮಿಗೆ 1000 ಯೂನಿಟ್ ಸರ್ಕಾರ ಬಿಟ್ಟಿ ಕೊಡುತ್ತಿರುವುದು ಬಟ್ಟೆ ನೇಯಲು, ಹೆಣ ಎಬ್ಬಿಸಲು ಅಲ್ಲ. ಒಂದು ಕೆಲಸಕ್ಕೆಂದು ಪಡೆದ ಕರೆಂಟನ್ನು ಇನ್ನೊಂದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಎರಡು ಪಟ್ಟು ದರ ಕಟ್ಟಬೇಕಾಗುತ್ತದೆ. ಮನೆ ಲೈನಿನಲ್ಲೇ ಆಡುತ್ತೀರಾ, ಲೆಕ್ಕ ಗೊತ್ತಿರಲಿ: 400 ವ್ಯಾಟಿನ ಕಂಪ್ಯೂಟರ್ ದಿನಕ್ಕೆ 4 ಗಂಟೆ ಓಡಿದರೆ ಎರಡು ತಿಂಗಳಿಗೆ 96 ಯೂನಿಟ್. ಬಿಟ್ಟಿ ಸಿಕ್ಕಿದ್ದೆಲ್ಲ ದೆವ್ವದ ಪಾಲು.

ಟ್ಯಾಲಿ, ಜಿಎಸ್‌ಟಿ, ಜಾಬ್‌ವರ್ಕ್ ಬಿಲ್ಲು ಇರುವ ಕಂಪ್ಯೂಟರಿಗೆ ಗೆಳೆಯನ ಪೆನ್‌ಡ್ರೈವಿನ ಕ್ರ್ಯಾಕ್ ಆಟ ಹಾಕಲೇಕೂಡದು. “ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡು” ಎಂದು ಅದರಲ್ಲೇ ಬರೆದಿರುತ್ತದೆ. ಕಳ್ಳನೇ ಬೀಗ ತೆಗೆದಿಡು ಎಂದರೂ ತೆಗೆಯುವವರಿದ್ದಾರೆ! ಆಮೇಲೆ ಫೈಲುಗಳೆಲ್ಲ ಲಾಕ್ ಆಗಿ, ಬಿಡಿಸಲು ದುಡ್ಡು ಕೇಳುವ ಪರದೆ ಬಂದರೆ ಅದಕ್ಕಿಂತ ದೊಡ್ಡ ಹಾರರ್ ಅಪ್ಪನಿಗೆ ಇಲ್ಲ.

ಮನೆ ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಾಗ ಎರಡೂ ಕಿವಿಗೆ ಹೆಡ್‌ಫೋನ್ ಹಾಕಕೂಡದು. ಒಂದು ಕಿವಿ ಕುಕ್ಕರಿಗೆ, ಕಾಲಿಂಗ್ ಬೆಲ್ಲಿಗೆ, ಒಳಕೋಣೆಯ ಅಜ್ಜಿಗೆ. ನಾಲ್ವರು ಸೇರಿ ಆಡುವ ‘ಫ್ಯಾಸ್ಮೊಫೋಬಿಯಾ’ದಲ್ಲಿ ಮೈಕು ತೆರೆದಿಡಕೂಡದು. ಬೇಟೆಗೆ ಹೊರಟ ದೆವ್ವಕ್ಕೆ ಆಡುವವರ ದನಿ ಕೇಳಿಸುತ್ತದೆ. “ಏ, ಊಟಕ್ಕೆ ಬಾರೋ” ಎಂಬ ಅಮ್ಮನ ಕೂಗಿಗೆ ಸಾಯುವುದು ಒತ್ತಟ್ಟಿಗಿರಲಿ, ಮನೆಯ ಜಗಳವೂ ಅಡಮಾನದ ಮಾತೂ ಕಂಡವರ ಕಿವಿಗೆ ಬೀಳುತ್ತವೆ.

ರಾತ್ರಿ ಹತ್ತರ ಮೇಲೆ ಆಡಕೂಡದು. ದುಡ್ಡು ಕಟ್ಟುವ ಆನ್‌ಲೈನ್ ಆಟಗಳಿಗೆ ತಮಿಳುನಾಡು 2025ರಲ್ಲಿ ರಾತ್ರಿ 12ರಿಂದ ಬೆಳಿಗ್ಗೆ 5ರವರೆಗೆ ಬೀಗ ಹಾಕಿತು, ಅದೇ ವರ್ಷ ಕೇಂದ್ರದ ಕಾನೂನು ಅವನ್ನು ಪೂರ್ತಿ ನಿಷೇಧಿಸಿತು. ನಮ್ಮದು ದುಡ್ಡಿನ ಆಟವಲ್ಲ, ಆ ಕಾನೂನು ತಟ್ಟದು, ಸರಿ. ಆದರೆ ಲೈನ್ ಮನೆಯಲ್ಲಿ ನಾಲ್ಕು ಸಂಸಾರಕ್ಕೆ ಗೋಡೆ ಒಂದೇ. ಒಂದೂವರೆ ಶಿಫ್ಟ್ ಮುಗಿಸಿ ಬಂದು ಮಲಗಿದವನ ತಲೆಯ ಹಿಂದೆ ನೀವು ಕಿರುಚಿದರೆ ಅವನಿಗೆ ಅದು ಆಟ ಎಂದು ಹೇಗೆ ಗೊತ್ತಾಗಬೇಕು?

ತಮಿಳರ ಐಪ್ಪಸಿ ತಿಂಗಳ ಗುಡುಗು-ಮಳೆಯಲ್ಲಿ ಆಡಕೂಡದು. ಪ್ಲಗ್ಗಿನ ಜೊತೆ ನೆಟ್ ಕೇಬಲ್ಲನ್ನೂ ಕೀಳಬೇಕು.

ದೀಪಾವಳಿಗೆ ಸೇರಿದ ಚಿಕ್ಕ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಈ ಆಟ ಹಾಕಕೂಡದು, ಹೆದರಿದವರನ್ನು ಹಂಗಿಸಕೂಡದು. ಅಂದು ಮಧ್ಯರಾತ್ರಿ ಯಾವ ಮಗು ಬಚ್ಚಲಿಗೆ ಜೊತೆ ಕೇಳಿದರೂ, ಆಟ ಹಾಕಿದವನೇ ಎದ್ದು ಹೋಗಬೇಕು.