ಧ್ರುವಕ್ಕೆ ನಡೆದುಹೋದ ಉಪಾಧ್ಯಾಯಿನಿ



ಭೂಗೋಲದ ಪಾಠದ ಹೊತ್ತಿನಲ್ಲಿ ಮೇಜಿನ ಮೇಲಿರುವ ಗೋಲವನ್ನು ನೀವೆಲ್ಲರೂ ತಿರುಗಿಸಿ ನೋಡಿದ್ದೀರಿ. ಅದರ ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ಗೋಲವನ್ನು ಹಿಡಿದು ನಿಲ್ಲಿಸಿರುವ ಎರಡು ಮೊಳೆಗಳುಂಟು. ಆ ಮೊಳೆಗಳ ಅಡಿಯಲ್ಲಿ ಮರೆಯಾಗಿರುವ ಸ್ಥಳಗಳೇ ಉತ್ತರ ಮತ್ತು ದಕ್ಷಿಣ ಧ್ರುವಗಳು. ಈ ಎರಡು ಸ್ಥಳಗಳಿಗೂ ಮಂಜುಗಡ್ಡೆಯ ಮೇಲೆ ಪ್ರಯಾಣಮಾಡಿ ಮುಟ್ಟಿದ ಮೊದಲನೆಯ ಮಹಿಳೆಯ ವೃತ್ತಾಂತವನ್ನು ಈ ಸಂಚಿಕೆಯಲ್ಲಿ ನಿಮಗೆ ತಿಳಿಸಬೇಕೆಂದಿದ್ದೇನೆ. ಆಕೆಯು ರಾಣಿಯಲ್ಲ, ಧನಿಕರ ಮಗಳೂ ಅಲ್ಲ. ಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಉಪಾಧ್ಯಾಯಿನಿ. ಅದಕ್ಕಿಂತ ಹೆಚ್ಚಾಗಿ, ಬಾಲ್ಯದಲ್ಲಿ ಅಕ್ಷರಗಳನ್ನು ಕೂಡಿಸಿ ಓದುವುದಕ್ಕೆ ಬಹಳ ಕಷ್ಟಪಟ್ಟ ಹುಡುಗಿ.

ಮೊದಲು ಆ ಸ್ಥಳಗಳ ಸ್ವಭಾವವನ್ನು ತಿಳಿಯೋಣ. ಎರಡೂ ಹಿಮಮಯವಾಗಿದ್ದರೂ ಒಂದರಂತೆ ಇನ್ನೊಂದಿಲ್ಲ. ಉತ್ತರಧ್ರುವದಲ್ಲಿ ನೆಲವೇ ಇಲ್ಲ. ಅಲ್ಲಿರುವುದು ಸಮುದ್ರ, ಅದರ ಮೇಲೆ ತೇಲುವ ಮಂಜುಗಡ್ಡೆ. ಗಾಳಿಯೂ ಪ್ರವಾಹವೂ ಆ ಗಡ್ಡೆಯನ್ನು ತಳ್ಳುತ್ತಲೇ ಇರುವವು. ಅದು ಕೆಲವು ಕಡೆ ಬಿರಿದು ಕಪ್ಪು ನೀರು ಕಾಣಿಸುವುದು, ಕೆಲವು ಕಡೆ ಒಂದರ ಮೇಲೊಂದು ಏರಿ ಗೋಡೆಯಂತೆ ನಿಲ್ಲುವುದು. ದಕ್ಷಿಣಧ್ರುವವಾದರೋ ಅಂಟಾರ್ಕ್ಟಿಕ ಎಂಬ ಮಹಾಖಂಡದ ನಡುವೆ, ಸಮುದ್ರಮಟ್ಟಕ್ಕಿಂತ 9,000 ಅಡಿಗೂ ಮೇಲೆ, ಮೈಲುಗಟ್ಟಲೆ ದಪ್ಪವಾದ ಮಂಜಿನ ಮೇಲಿರುವುದು. ಎರಡು ಕಡೆಗಳಲ್ಲಿಯೂ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ.

1911ನೆಯ ಡಿಸೆಂಬರ್ 14ರಂದು ನಾರ್ವೆ ದೇಶದ ಅಮುಂಡ್‌ಸೆನ್ ದಕ್ಷಿಣಧ್ರುವವನ್ನು ಮೊದಲು ಮುಟ್ಟಿದನು. ಒಂದು ತಿಂಗಳ ಮೇಲೆ ಅಲ್ಲಿಗೆ ಬಂದ ಇಂಗ್ಲೆಂಡಿನ ಸ್ಕಾಟನೂ ಅವನ ನಾಲ್ವರು ಸಂಗಡಿಗರೂ ಹಿಂದಿರುಗುವ ದಾರಿಯಲ್ಲಿ ಪ್ರಾಣಬಿಟ್ಟರು. ಅದೇ ಕಾಲದ ಶ್ಯಾಕಲ್‌ಟನ್ ಎಂಬವನು 1914ರಲ್ಲಿ ದಕ್ಷಿಣಖಂಡವನ್ನು ದಾಟಲು ಹೊರಟಾಗ, ಮೂವರು ಹುಡುಗಿಯರು ತಮ್ಮನ್ನೂ ಕರೆದುಕೊಂಡು ಹೋಗಬೇಕೆಂದು ಅವನಿಗೆ ಪತ್ರ ಬರೆದರು. ಹೆಂಗಸರಿಗೆ ಸ್ಥಳವಿಲ್ಲವೆಂದು ಅವನು ಉತ್ತರ ಕೊಟ್ಟನು. ಆ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. 1969ರಲ್ಲಿ ಆರು ಮಂದಿ ಮಹಿಳೆಯರು ದಕ್ಷಿಣಧ್ರುವದಲ್ಲಿ ಮೊಟ್ಟಮೊದಲು ಕಾಲಿಟ್ಟರು. ಅವರು ಹೋದದ್ದು ವಿಮಾನದಲ್ಲಿ.

ಈಗ ನಮ್ಮ ಕಥಾನಾಯಕಿಯ ಕಡೆಗೆ ಬರೋಣ. ಆನ್ ಬ್ಯಾಂಕ್ರಾಫ್ಟ್ ಎಂಬಾಕೆಯು 1955ರ ಸೆಪ್ಟೆಂಬರ್ 29ರಂದು ಅಮೇರಿಕದ ಮಿನೆಸೋಟ ಪ್ರಾಂತದಲ್ಲಿ ಜನಿಸಿದಳು. ಅದು ಚಳಿಗಾಲದಲ್ಲಿ ಕೆರೆಗಳೆಲ್ಲ ಹೆಪ್ಪುಗಟ್ಟುವ ಸೀಮೆ. ಮೈದಾನದಲ್ಲಿ ಈಕೆಯು ಎಲ್ಲರಿಗಿಂತ ಚುರುಕು. ಪುಸ್ತಕದ ಮುಂದೆ ಕೂತರೆ ಮಾತ್ರ ಅಕ್ಷರಗಳು ಗೊಂದಲವಾಗಿ ಕಾಣಿಸುವವು. ಇದು ಸೋಮಾರಿತನದಿಂದಲ್ಲ, ಬುದ್ಧಿಯ ಕೊರತೆಯಿಂದಲೂ ಅಲ್ಲ. ಮೆದುಳು ಅಕ್ಷರವನ್ನೂ ಧ್ವನಿಯನ್ನೂ ಜೋಡಿಸುವ ರೀತಿಯಲ್ಲಿರುವ ಈ ಭೇದಕ್ಕೆ ಡಿಸ್ಲೆಕ್ಸಿಯಾ ಎಂದು ಹೆಸರು. ಹೀಗಿದ್ದರೂ ಆ ಹುಡುಗಿಯು ಒಂದು ಪುಸ್ತಕವನ್ನು ಬಿಡದೆ ಹಿಡಿದು ಓದಿದಳು. ಅದು ಶ್ಯಾಕಲ್‌ಟನ್ನನ 'ಎಂಡ್ಯೂರೆನ್ಸ್' ಎಂಬ ಹಡಗಿನ ಕಥೆ. ಮಂಜುಗಡ್ಡೆಯು 1915ರಲ್ಲಿ ಆ ಹಡಗನ್ನು ಅದುಮಿ ಮುರಿಯಿತು. ಆದರೂ ಅದರಲ್ಲಿದ್ದ 28 ಮಂದಿಯಲ್ಲಿ ಒಬ್ಬನನ್ನೂ ಕಳೆದುಕೊಳ್ಳದೆ ಆ ನಾಯಕನು ಎಲ್ಲರನ್ನೂ ಪಾರುಮಾಡಿದನು. ಹುಡುಗಿಯರನ್ನು ಬೇಡವೆಂದವನ ಕಥೆಯೇ ಒಬ್ಬ ಹುಡುಗಿಯನ್ನು ಧ್ರುವದ ಕಡೆಗೆ ಎಳೆದದ್ದು ಎಷ್ಟು ವಿಚಿತ್ರ!

ಇಲ್ಲಿ ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು. ನಾನು ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ನದಿಗಳ ಕಥೆಯನ್ನು ಒಮ್ಮೆ ಕೇಳಿದರೆ ಸಾಕು, ಮರೆಯದೆ ತಿರುಗಿ ಹೇಳುವಳು; ನಕ್ಷೆಯನ್ನು ನೋಡದೆ ಬರೆಯುವಳು. ಪುಸ್ತಕ ಹಿಡಿದು ಓದೆಂದರೆ ಮಾತ್ರ ಎರಡು ಸಾಲು ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರು ತುಂಬುವುದು. ನಾನು ಅವಳನ್ನು ಸೋಮಾರಿ ಎಂದೆನು. ಎಲ್ಲರ ಮುಂದೆ ಬೆಂಚಿನ ಮೇಲೆ ನಿಲ್ಲಿಸಿದೆನು. ಮರುವರುಷ ಅವಳು ಶಾಲೆಗೆ ಬರಲಿಲ್ಲ. ಡಿಸ್ಲೆಕ್ಸಿಯಾ ಎಂಬ ಮಾತನ್ನು ನಾನು ಕಲಿತದ್ದು ಅದಾದ ಎಷ್ಟೋ ವರುಷಗಳ ಮೇಲೆ. ಬ್ಯಾಂಕ್ರಾಫ್ಟರ ಚರಿತ್ರೆಯನ್ನು ಓದುವಾಗಲೆಲ್ಲ ಬೆಂಚಿನ ಮೇಲೆ ತಲೆತಗ್ಗಿಸಿ ನಿಂತ ಆ ಮಗುವೇ ನನ್ನ ಕಣ್ಣಮುಂದೆ ಬರುತ್ತಾಳೆ.

ಬ್ಯಾಂಕ್ರಾಫ್ಟರು ಶ್ರಮಪಟ್ಟು ಓದಿ ವಿಶ್ವವಿದ್ಯಾಲಯದ ಪದವಿ ಪಡೆದು ವ್ಯಾಯಾಮಶಿಕ್ಷಣದ ಉಪಾಧ್ಯಾಯಿನಿಯಾದರು. 1986ರಲ್ಲಿ ವಿಲ್ ಸ್ಟೀಗರ್ ಎಂಬವರು ಉತ್ತರಧ್ರುವಕ್ಕೆ ಹೊರಡಿಸಿದ ತಂಡದಲ್ಲಿ ಏಳು ಮಂದಿ ಗಂಡಸರ ಜೊತೆಗೆ ಇವರೊಬ್ಬರೇ ಮಹಿಳೆ. ನಡುದಾರಿಯಲ್ಲಿ ಆಹಾರವನ್ನು ತರಿಸಿಕೊಳ್ಳದೆ, ನಾಯಿಗಳು ಎಳೆಯುವ ಜಾರುಬಂಡಿಗಳೊಡನೆ ಹೋಗಬೇಕೆಂಬುದು ಅವರ ನಿಶ್ಚಯ. ಅದಕ್ಕಾಗಿ ಬಂಡಿಗಳಲ್ಲಿ ಭಾರವೆಲ್ಲ ತುಂಬಿತ್ತು, ಮನುಷ್ಯರು ಕೂರುವಂತಿರಲಿಲ್ಲ. ಎಲ್ಲರೂ ನಡೆಯಬೇಕು, ಓಡಬೇಕು, ಮಂಜಿನ ಗೋಡೆಗಳ ಮೇಲೆ ಬಂಡಿಗಳನ್ನು ಎತ್ತಿ ದಾಟಿಸಬೇಕು. ಇಬ್ಬರು ಗಾಯದಿಂದಲೂ ಚಳಿಯ ಬಾಧೆಯಿಂದಲೂ ವಿಮಾನದಲ್ಲಿ ಹಿಂದಿರುಗಿದರು. ಉಳಿದ ಆರು ಮಂದಿಯು ಸುಮಾರು ಎಂಟು ವಾರಗಳ ಪ್ರಯಾಣದ ಕೊನೆಯಲ್ಲಿ, ಮೇ ತಿಂಗಳ ಆರಂಭದಲ್ಲಿ ಧ್ರುವವನ್ನು ಮುಟ್ಟಿದರು. ಅವರಲ್ಲಿ ಬ್ಯಾಂಕ್ರಾಫ್ಟರೂ ಇದ್ದರು.

ಮುಂದಿನ ಪ್ರಯಾಣಕ್ಕೆ ಅವರು ಮಹಿಳೆಯರ ತಂಡವನ್ನೇ ಕಟ್ಟಿದರು. 1992ರ ನವೆಂಬರ್ ತಿಂಗಳಲ್ಲಿ ನಾಲ್ವರು ಮಹಿಳೆಯರು ಕಾಲಿಗೆ ಸ್ಕೀ ಎಂಬ ಉದ್ದನೆಯ ಜಾರುಪಟ್ಟಿಗಳನ್ನು ಕಟ್ಟಿಕೊಂಡು, ಭಾರವಾದ ಬಂಡಿಗಳನ್ನು ತಾವೇ ಎಳೆಯುತ್ತಾ ದಕ್ಷಿಣಧ್ರುವದ ಕಡೆಗೆ ಹೊರಟರು. 67 ದಿನಗಳಲ್ಲಿ 660 ಮೈಲು ನಡೆದು 1993ರ ಜನವರಿ 14ರಂದು ಅಲ್ಲಿಗೆ ಸೇರಿದರು. ಖಂಡವನ್ನು ಆಚೆಯ ತೀರದವರೆಗೂ ದಾಟಬೇಕೆಂಬುದು ಅವರ ಮೊದಲಿನ ಉದ್ದೇಶವಾಗಿತ್ತು. ಆದರೆ ಸಂಗಡಿಗರ ದೇಹಸ್ಥಿತಿಯನ್ನೂ ಉಳಿದ ಕಾಲವನ್ನೂ ನೋಡಿ, ಧ್ರುವದಲ್ಲಿಯೇ ಪ್ರಯಾಣವನ್ನು ಮುಗಿಸಿದರು. ಮನೆಗೆ ಬಂದಾಗ ಅವರ ತಲೆಯ ಮೇಲೆ ದೊಡ್ಡ ಸಾಲವೂ ಇತ್ತು.

ಇದೇ ಸಮಯದಲ್ಲಿ ನಾರ್ವೆಯಲ್ಲಿ ಲಿವ್ ಆರ್ನೆಸೆನ್ ಎಂಬ ಇನ್ನೊಬ್ಬ ಉಪಾಧ್ಯಾಯಿನಿಯಿದ್ದರು. 1994ರಲ್ಲಿ ಇವರು ಯಾರ ನೆರವೂ ಇಲ್ಲದೆ, ಒಬ್ಬರೇ 50 ದಿನ ಸ್ಕೀ ಮೇಲೆ ನಡೆದು, ಕ್ರಿಸ್ಮಸ್ ಹಬ್ಬದ ಹಿಂದಿನ ದಿನ ದಕ್ಷಿಣಧ್ರುವವನ್ನು ಮುಟ್ಟಿದರು. ಇಂಥ ಸಾಹಸವನ್ನು ಮಾಡಿದ ಮೊದಲನೆಯ ಮಹಿಳೆ ಇವರೇ. ಇಬ್ಬರು ಉಪಾಧ್ಯಾಯಿನಿಯರೂ ಜೊತೆಗೂಡಿ 2000ನೆಯ ನವೆಂಬರ್ 13ರಂದು ದಕ್ಷಿಣಖಂಡವನ್ನು ದಾಟಲು ಹೊರಟರು. ಗಾಳಿಯು ಅನುಕೂಲವಾದಾಗ ಮೈಗೆ ಹಾಯಿಯನ್ನು ಕಟ್ಟಿಕೊಂಡು ದೋಣಿಯಂತೆ ಮಂಜಿನ ಮೇಲೆ ಸಾಗುವರು. ಗಾಳಿ ನಿಂತರೆ ಮಣಭಾರದ ಬಂಡಿಯನ್ನು ಎಳೆಯುವರು. ಅನೇಕ ದೇಶಗಳ ಲಕ್ಷಾಂತರ ಶಾಲಾಮಕ್ಕಳು ಅವರ ಸಮಾಚಾರವನ್ನು ದಿನದಿನವೂ ಕೇಳುತ್ತಾ ನಕ್ಷೆಯಲ್ಲಿ ಅವರ ದಾರಿಯನ್ನು ಗುರುತುಮಾಡುತ್ತಿದ್ದರು. ಹೀಗೆ ಅವರ ತರಗತಿಯು ಭೂಮಿಯಷ್ಟು ಅಗಲವಾಯಿತು.

2001ರ ಜನವರಿ 16ರಂದು ಧ್ರುವವನ್ನು ಸೇರಿ, ಅಲ್ಲಿಂದ ಶ್ಯಾಕಲ್‌ಟನ್ನನ ಹೆಸರನ್ನೇ ಪಡೆದಿರುವ ಹಿಮನದಿಯ ಬಿರುಕುಗಳ ನಡುವೆ ಇಳಿದು, ಫೆಬ್ರವರಿ 11ರಂದು ಖಂಡದ ನೆಲವನ್ನು ದಾಟಿದ ಮೊದಲನೆಯ ಮಹಿಳೆಯರಾದರು. ಆಗಲೇ ಸುಮಾರು 1,700 ಮೈಲು ಕ್ರಮಿಸಿದ್ದರು. ಆದರೆ ಸಮುದ್ರದ ಮೇಲೆ ಚಾಚಿರುವ ರಾಸ್ ಮಂಜುಹಾಸನ್ನೂ ದಾಟಿ, ಆಚೆ ಕಾದಿದ್ದ ಹಡಗನ್ನು ಸೇರಬೇಕೆಂಬ ಆಶೆ ಇನ್ನೂ ಉಳಿದಿತ್ತು. ಗಾಳಿಯು ಬೀಸಲಿಲ್ಲ. ಚಳಿಗಾಲವು ಸಮೀಪಿಸಿತು, ಹಡಗು ಹೊರಡುವ ದಿನವೂ ಬಂದಿತು. ಇಬ್ಬರೂ ಆಲೋಚಿಸಿ ವಿಮಾನವನ್ನು ಕರೆಸಿದರು.

2007ರಲ್ಲಿ ಇವರು ಭೂಮಿಯ ತಾಪವು ಏರುತ್ತಿರುವುದನ್ನು ಜನರಿಗೆ ತಿಳಿಸುವ ಉದ್ದೇಶದಿಂದ ಉತ್ತರಧ್ರುವಕ್ಕೆ ಹೊರಟಾಗಲೂ ಹೀಗೆಯೇ ಆಯಿತು. ಆರ್ನೆಸೆನ್ನರ ಕಾಲ್ಬೆರಳುಗಳು ಹಿಮದಿಂದ ಮರಗಟ್ಟಿದವು. ಪ್ರಯಾಣವು ಆಗತಾನೇ ಆರಂಭವಾಗಿತ್ತು. ಆದರೂ ಗೆಳತಿಯ ಕಾಲಿಗಿಂತ ಧ್ರುವವು ಹೆಚ್ಚಿನದಲ್ಲವೆಂದು ಇಬ್ಬರೂ ಹಿಂದಿರುಗಿದರು. ಬಳಿಕ 2015ರಲ್ಲಿ ಬೇರೆ ಬೇರೆ ಖಂಡಗಳ ಮಹಿಳೆಯರೊಡನೆ ನಮ್ಮ ಗಂಗಾನದಿಯ ಉದ್ದಕ್ಕೂ ಪ್ರಯಾಣಮಾಡಿ, ಸಿಹಿನೀರಿನ ಬೆಲೆಯನ್ನು ಮಕ್ಕಳಿಗೆ ತಿಳಿಸಿದರು.

ವಿದ್ಯಾರ್ಥಿನಿಯರೇ, ಮುಟ್ಟಿದ ಧ್ರುವಗಳಿಗಿಂತಲೂ ಹಿಂದಿರುಗಿದ ಈ ಸಂದರ್ಭಗಳು ನನಗೆ ಹೆಚ್ಚು ಬೆಲೆಯುಳ್ಳವಾಗಿ ತೋರುತ್ತವೆ. ಶ್ಯಾಕಲ್‌ಟನ್ನನೂ 1909ರಲ್ಲಿ ಧ್ರುವಕ್ಕೆ ಸುಮಾರು 110 ಮೈಲು ಉಳಿದಿರುವಾಗ, ಸಂಗಡಿಗರ ಪ್ರಾಣಕ್ಕಾಗಿ ಹಿಂದಿರುಗಿದ್ದನು. ತನಗೆ ಯಾವುದು ಕಷ್ಟವೆಂಬುದನ್ನು ಬಾಲ್ಯದಲ್ಲಿಯೇ ಅರಿತವಳಿಗೆ, ದೊಡ್ಡವಳಾದ ಮೇಲೆ "ಇಲ್ಲಿಗೆ ಸಾಕು" ಎಂದು ಹೇಳುವುದರಲ್ಲಿ ನಾಚಿಕೆಯಿರಲಿಲ್ಲವೆಂದು ನಾನು ತಿಳಿಯುತ್ತೇನೆ. ನಿಧಾನವಾಗಿ ಓದುವವಳು ಹೇಗೆ ಒಂದೊಂದೇ ಸಾಲನ್ನು ದಾಟಬೇಕೋ, ಮಂಜಿನ ಮೇಲೆ ನಡೆಯುವವಳು ಹಾಗೆಯೇ ಒಂದೊಂದೇ ಹೆಜ್ಜೆಯನ್ನು ಇಡಬೇಕು. ಅಲ್ಲಿ ಬೇಕಾದದ್ದು ವೇಗವಲ್ಲ, ತಾಳ್ಮೆ.

ಆದುದರಿಂದ ನಿಮ್ಮಲ್ಲಿ ಓದಲು ತಡವರಿಸುವವಳು ಯಾರಾದರೂ ಇದ್ದರೆ ಅಂಜಬೇಡಿರಿ; ನಮ್ಮ ಬಳಿಗೆ ಬಂದು ಹೇಳಿರಿ. ಅವಳ ಪಕ್ಕದಲ್ಲಿ ಕೂರುವವಳು ನಗದೆ, ಸಾಲಿನ ಕೆಳಗೆ ಬೆರಳಿಟ್ಟು ತೋರಿಸಲಿ. ಉಪಾಧ್ಯಾಯಿನಿಯರಾದ ನಮಗೂ ಒಂದು ಪಾಠವುಂಟು: ಯಾವ ಮಗು ಎಲ್ಲಿಯವರೆಗೆ ಹೋಗುವುದೆಂದು ಮೊದಲನೆಯ ಬೆಂಚಿನಲ್ಲಿಯೇ ಅಳೆದು ಹೇಳಬಾರದು. ನಮ್ಮ ಶಾಲೆಯಲ್ಲಿ ಈಗ ಯಾರನ್ನೂ ಬೆಂಚಿನ ಮೇಲೆ ನಿಲ್ಲಿಸುವುದಿಲ್ಲ. ಅಂದು ನಾನು ನಿಲ್ಲಿಸಿದ ಆ ಹುಡುಗಿಯ ಕೈಗೆ ಹೇಗಾದರೂ ಈ ಸಂಚಿಕೆಯು ಸೇರಿ, ಯಾರಾದರೂ ಇದನ್ನು ಅವಳಿಗೆ ಓದಿ ಹೇಳಿದರೆ, ಅವಳ ಟೀಚರು ಕ್ಷಮೆ ಬೇಡುತ್ತಿದ್ದಾಳೆಂದು ಅವಳಿಗೆ ತಿಳಿಯಲಿ.