ನೋವು ಕೊಡದ ಕಾಯಿಲೆ: ಬಿ.ಪಿ.

ಕಾಲಿಗೆ ಮುಳ್ಳು ಚುಚ್ಚಿದರೆ ಕೂಡಲೇ ತಿಳಿಯುತ್ತದೆ. ಜ್ವರ ಬಂದರೆ ಮೈ ಬಿಸಿಯಾಗುತ್ತದೆ. ಬಿ.ಪಿ. ಹಾಗಲ್ಲ. ಅದು ಏರಿದರೂ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ತೋಟದ ಕೆಲಸ ನಡೆಯುತ್ತದೆ. ಬೀಡಿ ಕಟ್ಟುವುದೂ ನಡೆಯುತ್ತದೆ. ಒಳಗಿಂದೊಳಗೆ ಹೃದಯ, ಮಿದುಳು, ಮೂತ್ರಪಿಂಡ ಹಾಳಾಗುತ್ತಾ ಇರುತ್ತವೆ.

ಲೋಕದಲ್ಲಿ 30ರಿಂದ 79 ವರ್ಷದ ಸುಮಾರು 130 ಕೋಟಿ ಜನರಿಗೆ ಬಿ.ಪಿ. ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನರಿಗೆ ಅದು ಇರುವುದೇ ಗೊತ್ತಿಲ್ಲ.

ಬಿ.ಪಿ. ಅಂದರೆ ಏನು?

ಪಂಪಿನಿಂದ ತೋಟಕ್ಕೆ ನೀರು ಬಿಡುವುದನ್ನು ನೀವು ನೋಡಿದ್ದೀರಿ. ನೀರು ಪೈಪನ್ನು ಒಳಗಿನಿಂದ ಒತ್ತುತ್ತದೆ. ಒತ್ತಡ ಹೆಚ್ಚಾದರೆ ಪೈಪು ಒಡೆಯುತ್ತದೆ. ನಮ್ಮ ಹೃದಯವೂ ಒಂದು ಪಂಪು. ಅದು ನಾಳಗಳಲ್ಲಿ ರಕ್ತವನ್ನು ನೂಕುತ್ತದೆ. ರಕ್ತ ನಾಳವನ್ನು ಒತ್ತುವ ಬಲವೇ ರಕ್ತದ ಒತ್ತಡ. ಇದನ್ನೇ ಬಿ.ಪಿ. ಎನ್ನುತ್ತೇವೆ.

ಚೀಟಿಯಲ್ಲಿ ಎರಡು ಅಂಕೆ ಬರೆದಿರುತ್ತಾರೆ. ಹೃದಯ ಕುಗ್ಗಿ ರಕ್ತ ನೂಕಿದಾಗಿನ ಒತ್ತಡ ಮೇಲಿನ ಅಂಕೆ. ಹೃದಯ ಸಡಿಲವಾದಾಗಿನದು ಕೆಳಗಿನ ಅಂಕೆ. 120/80 ಒಳ್ಳೆಯದು. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ, ದಾಟಿದರೆ, ಬಿ.ಪಿ. ಹೆಚ್ಚಿದೆ ಎಂದು ಅರ್ಥ.

ಅಕ್ಕ ಮತ್ತು ಸಿಸ್ಟರ್

ಒಬ್ಬ ಅಕ್ಕ ಬ್ರಾಂಚಿಗೆ ಬೀಡಿ ಕೊಟ್ಟು ಆರೋಗ್ಯ ಮಂದಿರಕ್ಕೆ ಬಂದರು ಎಂದುಕೊಳ್ಳಿ. ಸಿಸ್ಟರ್ ಬಿ.ಪಿ. ನೋಡಿದರು. 160/100 ಇತ್ತು.

"ಅಕ್ಕ, ಮಾತ್ರೆ ತಿನ್ತಾ ಇದ್ದೀರಾ?"

"ಇಲ್ಲ ಸಿಸ್ಟರ್. ಹೋದ ತಿಂಗಳು ಸರಿ ಉಂಟು ಅಂದ್ರಲ್ಲ? ಗುಣ ಆಯ್ತು ಅಂತ ಬಿಟ್ಟೆ."

"ಸರಿಯಾದದ್ದು ಮಾತ್ರೆ ತಿಂದದ್ದರಿಂದ ಅಕ್ಕ. ಬಿಟ್ಟರೆ ಪುನಃ ಏರುತ್ತದೆ."

"ನನಗೆ ತಲೆನೋವು ಇಲ್ಲ, ಎಂಥದೂ ಇಲ್ಲ. ಮತ್ತೆ ಮಾತ್ರೆ ಯಾಕೆ?"

"ನೋವಿಗೆ ಕಾಯಬಾರದು. ಕೆಲವರಿಗೆ ಬಿ.ಪಿ. ಇದ್ದದ್ದು ಗೊತ್ತಾಗುವುದೇ ಲಕ್ವ ಹೊಡೆದ ಮೇಲೆ."

"ದಿನಾ ತಿಂದರೆ ಚಟ ಆಗುದಿಲ್ವಾ?"

"ಇಲ್ಲ. ಇದು ಹೊಗೆಸೊಪ್ಪಿನ ಹಾಗೆ ಅಲ್ಲ. ಕಾಲು ಊದಿದರೆ, ಕೆಮ್ಮು ಬಂದರೆ ಹೇಳಿ. ಡಾಕ್ಟರು ಮಾತ್ರೆ ಬದಲಿಸ್ತಾರೆ. ನೀವಾಗಿ ಬಿಡಬೇಡಿ."

ಮನೆಯಲ್ಲಿ ಬಿ.ಪಿ. ನೋಡುವ ಕ್ರಮ

ಈಗ ಕೆಲವು ಮನೆಗಳಲ್ಲಿ ಬಿ.ಪಿ. ನೋಡುವ ಮೆಷಿನ್ ಇದೆ. ಅದನ್ನು ಹೀಗೆ ಬಳಸಿ.

1. ಅರ್ಧ ಗಂಟೆ ಮೊದಲಿಂದ ಚಾ, ಕಾಫಿ, ಹೊಗೆಸೊಪ್ಪು ಬೇಡ.
2. ಮೂತ್ರಕ್ಕೆ ಹೋಗಿ ಬನ್ನಿ. 5 ನಿಮಿಷ ಸುಮ್ಮನೆ ಕುಳಿತುಕೊಳ್ಳಿ.
3. ಬೆನ್ನಿಗೆ ಆಧಾರ ಇರಲಿ. ಪಾದ ನೆಲಕ್ಕೆ ತಾಗಲಿ. ಕಾಲ ಮೇಲೆ ಕಾಲು ಹಾಕಬೇಡಿ.
4. ಕೈಯನ್ನು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇಡಿ. ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ.
5. ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.
6. ದಿನಾಂಕ ಮತ್ತು ಅಂಕೆಗಳನ್ನು ಪುಸ್ತಕದಲ್ಲಿ ಬರೆಯಿರಿ.

ಮನೆಯಲ್ಲಿ ನೋಡಿದಾಗ 135/85 ದಾಟುತ್ತಾ ಇದ್ದರೆ ಪುಸ್ತಕವನ್ನು ಸಿಸ್ಟರಿಗೆ ತೋರಿಸಿ. ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ. ನೆರೆಮನೆಯವರ ಮಾತ್ರೆ ತಿನ್ನಬೇಡಿ. ಬಸುರಿಯಾದರೆ ಕೂಡಲೇ ಡಾಕ್ಟರಿಗೆ ತಿಳಿಸಿ. ಬಿ.ಪಿ.ಯ ಎಲ್ಲ ಮಾತ್ರೆಗಳೂ ಬಸುರಿಯರಿಗೆ ಆಗುವುದಿಲ್ಲ.

ಉಪ್ಪು ಎಷ್ಟು?

ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಅಂದರೆ ಒಂದು ಸಣ್ಣ ಚಮಚದೊಳಗೆ. ನಮ್ಮ ಕಡೆ ಗಂಜಿಗೆ ಉಪ್ಪಿನಕಾಯಿ ಬೇಕು. ಮಳೆಗಾಲಕ್ಕೆ ಒಣಮೀನು, ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇರುತ್ತದೆ. ಇವೆಲ್ಲದರಲ್ಲೂ ಉಪ್ಪು ಹೆಚ್ಚು. ಪೂರ್ತಿ ಬಿಡಲು ಕಷ್ಟ. ಕಡಿಮೆ ಮಾಡಬಹುದು. ಗಂಜಿಗೆ ಹೆಸರುಕಾಳಿನ ಪಲ್ಯ, ಸೊಪ್ಪಿನ ತಂಬುಳಿ ಮಾಡಿ. ಪಲ್ಯಕ್ಕೂ ತಂಬುಳಿಗೂ ಉಪ್ಪು ಮಿತವಾಗಿರಲಿ. ಬೀಡಿ ಕಟ್ಟುವವರು ದಿನವಿಡೀ ಕುಳಿತೇ ಇರಬೇಡಿ. ನಡುನಡುವೆ ಎದ್ದು ನಡೆಯಿರಿ.

ಎಲ್ಲಿಗೆ ಹೋಗಬೇಕು?

30 ವರ್ಷ ದಾಟಿದವರೆಲ್ಲ ಬಿ.ಪಿ. ನೋಡಿಸಿಕೊಳ್ಳಬೇಕು. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಣ ಇಲ್ಲದೆ ನೋಡುತ್ತಾರೆ. ಮಾತ್ರೆಯನ್ನೂ ಕೊಡುತ್ತಾರೆ. ಬಂಟ್ವಾಳ, ಬೆಳ್ತಂಗಡಿಗಳಲ್ಲಿ ತಾಲೂಕು ಆಸ್ಪತ್ರೆ ಇದೆ. ಮೂಡುಬಿದಿರೆಯಲ್ಲಿ ಸಮುದಾಯ ಆರೋಗ್ಯ ಕೇಂದ್ರ ಇದೆ. ಮನೆ ಬಾಗಿಲಿಗೇ ಬಂದು ಬಿ.ಪಿ., ಸಕ್ಕರೆ ಕಾಯಿಲೆ ನೋಡುವ ಗೃಹ ಆರೋಗ್ಯ ಯೋಜನೆಯನ್ನು ಕರ್ನಾಟಕ ಸರಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿತು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮುಖ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ, ಎದೆ ನೋವು ಬಂದರೆ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ.

ಅಭ್ಯಾಸ

ಅ. ಉತ್ತರ ಹೇಳಿ.
1. ಬಿ.ಪಿ. ಏರಿದ್ದು ಮೈಗೆ ಗೊತ್ತಾಗುತ್ತದೆಯೇ?
2. ಅಕ್ಕ ಮಾತ್ರೆ ಬಿಟ್ಟದ್ದು ಯಾಕೆ? ಸಿಸ್ಟರ್ ಏನು ಹೇಳಿದರು?

ಆ. ಬಿಟ್ಟ ಜಾಗ ತುಂಬಿರಿ.
1. ದಿನಕ್ಕೆ ____ ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು.
2. ಬಿ.ಪಿ. ನೋಡುವ ಮೊದಲು ____ ನಿಮಿಷ ಸುಮ್ಮನೆ ಕುಳಿತುಕೊಳ್ಳಬೇಕು.

ಇ. ಮಾಡಿರಿ.
ಮನೆಯ ಮಾತ್ರೆಯ ಹಾಳೆ ತನ್ನಿ. ಮಾತ್ರೆಯ ಹೆಸರು, ಅವಧಿ ಮುಗಿಯುವ ತಿಂಗಳು ಓದಿ. ಕನ್ನಡದಲ್ಲಿ ಇಲ್ಲದಿದ್ದರೆ ಓದು ಬಲ್ಲ ಮಕ್ಕಳಿಂದ ಕೇಳಿ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕ ನಿಮ್ಮ ಕೈಯಲ್ಲಿರಲಿ.