ಆಯೇರಿಯ ಮಾತು ಕತ್ತರಿಸಬೇಡಿ

ಶ್ರೀಕೃಷ್ಣ ಪಾರಿಜಾತ ಬಯಲಾಟದ ಹಳೆಯ ಕ್ಯಾಸೆಟ್ ಹಚ್ಚಿದರೆ ಹಾಡಿನ ನಡುನಡುವೆ ಆಟ ನಿಲ್ಲುತ್ತದೆ. ಮೇಳದವರೊಬ್ಬರು ಮೈಕಿನ ಮುಂದೆ ಬಂದು ಇಂಥ ಊರಿನ ಇಂಥವರು ಇಷ್ಟು ರೂಪಾಯಿ ಆಯೇರಿ ಮಾಡಿದ್ದಾರೆ ಎಂದು ಸಾರುತ್ತಾರೆ. ಕೊಟ್ಟವರ ಮನೆತನಕ್ಕೆ ಒಳ್ಳೆಯದಾಗಲಿ ಎಂದು ಹರಸಿ ಮತ್ತೆ ಹಾಡು ಹಿಡಿಯುತ್ತಾರೆ. ಕಂಪ್ಯೂಟರಿಗೆ ಇಳಿಸುವವರು ಮೊದಲು ಕತ್ತರಿಸಿ ಒಗೆಯುವುದು ಈ ಮಾತುಗಳನ್ನೇ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಮನೆಗಳಿಂದ ಕ್ಯಾಸೆಟ್ ತಂದು ಇಳಿಸುತ್ತ ಬಂದಿರುವ ನಾನು ಎಲ್ಲರಿಗೂ ಹೇಳುವುದು ಒಂದೇ: ಏನನ್ನು ಬೇಕಾದರೂ ಬಿಡಿ, ಇದನ್ನು ಬಿಡಬೇಡಿ.

ಕ್ಯಾಸೆಟ್ಟಿನ ಚೀಟಿಯ ಮೇಲೆ ಹೆಚ್ಚಿನ ಸಲ ಇರುವುದು ‘ಪಾರಿಜಾತ 2’ ಎಂದಷ್ಟೇ. ಯಾವ ಊರು, ಯಾವ ಜಾತ್ರೆ, ಯಾರ ಮೇಳ, ಯಾವ ವರ್ಷ, ಒಂದೂ ಇಲ್ಲ. ಹಾಡಿನಿಂದ ಇದು ತಿಳಿಯದು, ಏಕೆಂದರೆ ಹಾಡು ಎಲ್ಲ ಮೇಳಗಳದೂ ಹೆಚ್ಚುಕಡಿಮೆ ಒಂದೇ. ಆಯೇರಿಯ ಮಾತಿನಲ್ಲಿ ಮಾತ್ರ ಊರಿದೆ, ಮನೆತನವಿದೆ, ಆ ಕಾಲದ ಎರಡು ರೂಪಾಯಿ, ಐದು ರೂಪಾಯಿ ಇದೆ. ಕೊಟ್ಟವರ ಹೆಸರು ಹಿಡಿದು ಅವರ ಮನೆಗೆ ಹೋದರೆ, ‘ಅದು ನಮ್ಮಕ್ಕನ ಲಗ್ನ ಆದ ವರ್ಷ’ ಎನ್ನುವವರು ಒಬ್ಬರಾದರೂ ಸಿಗುತ್ತಾರೆ.

ಈ ಸೀಮೆಯಲ್ಲಿ ಪಾರಿಜಾತ ಬರಿಯ ಆಟವಲ್ಲ. ಅದಕ್ಕೆ ಇಂದಿನ ರೂಪ ಕೊಟ್ಟವನೆಂದು ಹೆಸರಾದ ಕುಲಗೋಡ ತಮ್ಮಣ್ಣ ಇಲ್ಲಿಯವನು. ಅದನ್ನು ನಾಡಿನ ಉದ್ದಗಲಕ್ಕೆ ಒಯ್ದ ನಿಂಗಮ್ಮನ ಹೆಸರಿನ ಹಿಂದೆಯೇ ಇಲ್ಲಿನ ಊರಾದ ಕೌಜಲಗಿ ಇದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ನಾಟಕಗಳಲ್ಲಿ ಕೇಳಿಸುವುದೂ ಇದೇ ಬಯಲಾಟಗಳ ಲಯ. ಇಷ್ಟಾದರೂ ಊರೂರಿನ ಸಣ್ಣ ಮೇಳಗಳ ದನಿಯನ್ನು ಆಕಾಶವಾಣಿಗಾಗಲಿ, ಕ್ಯಾಸೆಟ್ ಕಂಪನಿಗಳಿಗಾಗಲಿ ಪೂರ್ತಿ ಹಿಡಿದಿಡಲು ಸಾಧ್ಯವಿರಲಿಲ್ಲ. ಆ ಕೆಲಸ ಮಾಡಿದ್ದು ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಕ್ಯಾಸೆಟ್. ಮೈಕಿನ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಯಾರೋ ಒಬ್ಬರು ರಾತ್ರಿಯಿಡೀ ಕೂತರು. ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 45 ನಿಮಿಷ. ಮುಗಿದೊಡನೆ ಹೊರಳಿಸಿ ಹಾಕಿದರು. ಹೊರಳಿಸುವಾಗ ಬಿಟ್ಟುಹೋದ ಸಾಲುಗಳು ಹೋದವು. ಉಳಿದದ್ದು ನಮ್ಮ ಕೈಯಲ್ಲಿದೆ.

ಕೈಗೆ ಬಂದ ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮೊದಲು ಮುರಿಯಿರಿ. ಅಲ್ಲಿ ಸೆಲ್ಲೋಟೇಪ್ ಅಂಟಿಸಿದ್ದರೆ ಕಿತ್ತುಹಾಕಿ. ಆಮೇಲೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದು ಇಳಿಯುವುದಿಲ್ಲ. ಪ್ಲೇಯರಿನ ಹೆಡ್ಡು, ರಬ್ಬರ್ ಗಾಲಿಗಳಿಗೆ ಅಂಟಿದ ಕಂದು ಹುಡಿಯನ್ನು ಒರೆಸಬೇಕು. ಹೆಡ್ಡಿಗೆ ಹತ್ತಿ ಸುತ್ತಿದ ಕಡ್ಡಿ ಮತ್ತು ಐಸೋಪ್ರೊಪೈಲ್ ಆಲ್ಕೊಹಾಲ್ ಸಾಕು. ಹೆಡ್ಡಿನ ಪಕ್ಕದಲ್ಲೊಂದು ಸಣ್ಣ ಸ್ಕ್ರೂ ಇದೆ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ವಾರೆಯಾಗಿದ್ದರೂ ನಮ್ಮ ಯಂತ್ರದಲ್ಲಿ ದನಿ ಕಂಬಳಿ ಹೊದ್ದಂತೆ ಕೇಳುತ್ತದೆ. ತಾಳದ ಸದ್ದು, ‘ಸ’ಕಾರ, ‘ಶ’ಕಾರಗಳು ಬಿಚ್ಚಿಕೊಳ್ಳುವವರೆಗೆ ಆ ಸ್ಕ್ರೂವನ್ನು ತುಸುತುಸು ತಿರುಗಿಸಬೇಕು. ಒಂದು ಕ್ಯಾಸೆಟ್ಟಿಗೆ ಹೊಂದಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರವಾಗಿ ವೈರ್ ಸಿಕ್ಕಿಸಿದರೆ ದನಿ ಒಡೆಯುತ್ತದೆ. ಲೈನ್-ಇನ್ ಇರುವ ಚಿಕ್ಕ ಯುಎಸ್‌ಬಿ ಪೆಟ್ಟಿಗೆ ಬೇಕು. ಗುಂಯ್ ಎನ್ನುವ ಸದ್ದು ಬಂದರೆ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ನಡೆಸಿ ನೋಡಿ, ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. 48 ಕಿಲೋಹರ್ಟ್ಸ್, 24 ಬಿಟ್ಟಿನ ವೇವ್ ಫೈಲಾಗಿ ಇಳಿಸಿದರೆ ಗಂಟೆಗೆ ಸುಮಾರು 1 ಜಿಬಿ. ಜಾಗ ಉಳಿಸಲೆಂದು ಮೊದಲ ಪ್ರತಿಯನ್ನೇ ಎಂಪಿ3 ಮಾಡುವುದು ಬೇಡ.

ವೇಗದ ವಿಷಯ ಬೇರೆಯೇ. ಗುಡಿಯ ಮುಂದೆ ಸೆಲ್ ಹಾಕಿ ಓಡಿಸಿದ ಯಂತ್ರ ಬೆಳಗಿನ ಜಾವಕ್ಕೆ ಸೋಲುತ್ತದೆ; ಟೇಪು ನಿಧಾನವಾಗುತ್ತದೆ. ಆ ಟೇಪನ್ನು ಇಂದು ಸೆಕೆಂಡಿಗೆ 4.76 ಸೆಂ.ಮೀ. ಎಂಬ ಸರಿಯಾದ ವೇಗದಲ್ಲಿ ಓಡಿಸಿದರೆ ದನಿ ಮೇಲೇರಿ, ಲಯ ಓಡತೊಡಗುತ್ತದೆ. ಸತ್ಯಭಾಮೆಯ ಸಿಟ್ಟು ಕೂಡ ಮಕ್ಕಳ ಜಗಳದಂತೆ ಕೇಳುತ್ತದೆ. ಇದಕ್ಕೆ ಮೂಡಲಗಿ ಕಡೆಯ ಹಿರಿಯ ಪೇಟಿ (ಹಾರ್ಮೋನಿಯಂ) ಮಾಸ್ತರರೊಬ್ಬರು ದಾರಿ ತೋರಿಸಿದರು. ಮೇಳದ ಹಳೆಯ ಪೇಟಿ ಅವರ ಮನೆಯಲ್ಲೇ ಇತ್ತು. ‘ನಾವು ಕಾಳಿ ಎರಡಕ್ಕ ಹಾಡತಿದ್ವಿ, ಇದು ಕಾಳಿ ಮೂರು ದಾಟೇತಿ. ಇಳಸ್ರಿ’ ಎಂದರು. ಕಾಳಿ ಎಂದರೆ ಪೇಟಿಯ ಕಪ್ಪು ಮನೆ. ಅವರು ಪೇಟಿಯ ಸ್ವರ ಹಿಡಿದು ಕೂತರು, ನಾನು ಆಡಾಸಿಟಿಯಲ್ಲಿ ವೇಗ ಇಳಿಸುತ್ತ ಹೋದೆ. ಎರಡೂ ಕೂಡಿದಾಗ ಅವರ ಮುಖ ನೋಡಬೇಕಿತ್ತು. ರಾತ್ರಿ ಕಳೆದಂತೆ ವ್ಯತ್ಯಾಸ ಹೆಚ್ಚುವುದರಿಂದ ಮಗ್ಗುಲು ಮಗ್ಗುಲಿಗೂ ಹೀಗೆ ಸ್ವರ ಕೂಡಿಸಿಕೊಳ್ಳಬೇಕು.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದಲ್ಲೂ ನದಿದಂಡೆಯ ಊರುಗಳಲ್ಲೂ ಮನೆಗಳಿಗೆ ನೀರು ಹೊಕ್ಕಿತ್ತು. ಟ್ರಂಕಿನಲ್ಲಿದ್ದ ಕ್ಯಾಸೆಟ್ಟುಗಳು ರಾಡಿ ಕುಡಿದವು. ಅವನ್ನು ಬಿಸಿಲಿಗೆ ಒಣಗಿಸಬಾರದು, ಪ್ಲೇಯರಿಗಂತೂ ಹಾಕಲೇಬಾರದು. ಮಣ್ಣಿನ ಕಣ ಟೇಪನ್ನೂ ಹೆಡ್ಡನ್ನೂ ಗೀರುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ ಬಿಚ್ಚಿ, ಸುರುಳಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಮೆಲ್ಲಗೆ ತೊಳೆದು, ನೆರಳಿನಲ್ಲಿ ಒಣಗಿಸಿ, ಬೇರೊಂದು ಒಳ್ಳೆಯ ಕ್ಯಾಸೆಟ್ಟಿನ ಚಿಪ್ಪಿಗೆ ಕೂಡಿಸಬೇಕು. ಅಂಟಿಸಿದ ಚಿಪ್ಪಾದರೆ ಜೋಡಿನ ಗುಂಟ ಬ್ಲೇಡು ಆಡಿಸಿ ಬಿಡಿಸಬೇಕು. ಮಣ್ಣು ಒಣಗಿ ಸುತ್ತುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಜಗ್ಗಬೇಡಿ. ಕೆಲವು ಉಳಿದಿವೆ, ಕೆಲವು ಉಳಿದಿಲ್ಲ. ಉಳಿಯದವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ತೊಂಬತ್ತು ನಿಮಿಷದ ಕ್ಯಾಸೆಟ್ ಇಳಿಯಲು ತೊಂಬತ್ತು ನಿಮಿಷವೇ ಬೇಕು. ಆ ಹೊತ್ತು ನನಗೆ ಅತಿ ಬೆಲೆಯುಳ್ಳದ್ದು. ಮೇಳದ ಹಿರಿಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನೋಟ್‌ಬುಕ್ ತೆರೆದು, ಎಷ್ಟನೆಯ ನಿಮಿಷಕ್ಕೆ ಯಾರ ದನಿ ಎಂದು ಬರೆದುಕೊಳ್ಳುತ್ತೇನೆ. ಹುಕ್ಕೇರಿ ಕಡೆಯ ಒಂದು ಮನೆಯಲ್ಲಿ ಎಲ್ಲರೂ ಅಪ್ಪನ ಹಾಡೆಂದು ಕಾಪಾಡಿಕೊಂಡು ಬಂದಿದ್ದ ಕ್ಯಾಸೆಟ್ ಕೇಳಿ ಆ ಮನೆಯ ಅಜ್ಜಿ ಅಂದರು: ‘ಇದು ನಮ್ಮನಿಯವರ ದನಿ ಅಲ್ಲೋ ತಮ್ಮಾ, ನಮ್ಮ ಮೈದುನಂದು. ಅವರು ಹಿಂದ ಹಿಮ್ಮ್ಯಾಳದಾಗ ಅದಾರ, ಕೇಳು.’ ಮತ್ತೆ ಹಚ್ಚಿದೆವು. ಗದ್ದಲ ತೆಗೆಯುವ ಸಾಧನ ಬಳಸಿದ್ದ ಪ್ರತಿಯಲ್ಲಿ ಹಿಮ್ಮೇಳದ ಆ ದನಿ ಮಸಕಾಗಿ ಮಾಯವಾಗಿತ್ತು. ಮುಟ್ಟದೆ ಇಟ್ಟಿದ್ದ ಮೊದಲ ಪ್ರತಿಯಲ್ಲಿ ಸುಯ್ ಎನ್ನುವ ಟೇಪಿನ ಸದ್ದಿನ ಜೊತೆಗೆ ಅದೂ ಇತ್ತು.

ಫೈಲಿಗೆ ಹೆಸರಿಡುವಾಗ ಚೀಟಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ಮೂಡಲಗಿ ಬೇರೆ ತಾಲೂಕಾದದ್ದು ಈಚೆಗೆ. ಹಳೆಯ ಚೀಟಿಗಳಲ್ಲಿ ಆ ಕಡೆಯ ಊರುಗಳ ಮುಂದೆ ‘ತಾ. ಗೋಕಾಕ’ ಎಂದೇ ಇದೆ. ಅದನ್ನು ತಿದ್ದದೆ, ಇಂದಿನ ತಾಲೂಕನ್ನು ಪಕ್ಕದಲ್ಲಿ ಸೇರಿಸುತ್ತೇನೆ. ಮನೆಯವರಿಗೆ ಮೊಬೈಲಿನಲ್ಲಿ ಕೇಳಲು ಹಾಡು ಮಾತ್ರ ಬೇಕೆಂದರೆ ಅದನ್ನೂ ಬೇರೆಯಾಗಿ ಮಾಡಿಕೊಡುತ್ತೇನೆ. ಆಯೇರಿ, ಕೆಮ್ಮು, ಮೈಕಿನ ಕಿರುಚಾಟ ಎಲ್ಲ ಇರುವ ಪೂರ್ತಿ ಪ್ರತಿ ಎರಡು ಹಾರ್ಡ್ ಡಿಸ್ಕುಗಳಲ್ಲಿ ಇರುತ್ತದೆ: ಒಂದು ನನ್ನಲ್ಲಿ, ಇನ್ನೊಂದು ಬೇರೆ ಊರಿನ ಗೆಳೆಯರಲ್ಲಿ. ಕ್ಯಾಸೆಟ್ಟು ಮಾತ್ರ ಅದರ ಮನೆಗೇ ಮರಳುತ್ತದೆ, ಒಗೆಯಬೇಡಿ ಎಂಬ ಮಾತಿನೊಂದಿಗೆ.